ಬೆಳಕು ಬೆನ್ನಿಗೆ, ಗಾಳಿ ಮುಖಕ್ಕೆ

ಮೈದನಹಳ್ಳಿಗೆ ಕೃಷ್ಣಮೃಗದ ಫೋಟೊ ತೆಗೆಯಲು ಹೊರಟವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಬೆಳಗ್ಗೆ ಬೇಗ ಹೋಗಿ, ಸೂರ್ಯ ಬೆನ್ನ ಹಿಂದೆ ಇರೋ ಹಾಗೆ ಕೂತ್ಕೊಳ್ಳಿ. ಯಾವ ತಿಂಗಳು ಹೋಗ್ತಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಜುಲೈನಲ್ಲಾದರೆ ಆ ಮಾತು ಬಂಗಾರ. ಡಿಸೆಂಬರ್‌ನಲ್ಲಿ ಅದನ್ನೇ ನಂಬಿ ಕೂತರೆ ಓಡಿಹೋಗುತ್ತಿರುವ ಜಿಂಕೆಗಳ ಹಿಂಭಾಗದ ಚಿತ್ರಗಳು ಮಾತ್ರ ಸಿಗುತ್ತವೆ. ಕ್ಯಾಮೆರಾದವರು ಬೆಳಕಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಗಾಳಿಯ ಬಗ್ಗೆ ತುಟಿ ಬಿಚ್ಚುವುದಿಲ್ಲ. ಹಳೇ ಕಾಲದ ಬೇಟೆಗಾರರು ಇದಕ್ಕೆ ತದ್ವಿರುದ್ಧ. ಅವರಿಗೆ ಗಾಳಿಯೇ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.

ಜಾಗ ಗೊತ್ತಿಲ್ಲದವರಿಗೆ ಎರಡು ಮಾತು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಳಿ, ಆಂಧ್ರದ ಗಡಿಯ ಹತ್ತಿರ, ಸುಮಾರು 798 ಎಕರೆ ಹುಲ್ಲುಬಯಲು ಇದೆ. 2007ರಲ್ಲಿ ಇದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹೆಸರು ಕೊಟ್ಟ ಜಯಮಂಗಲಿ ನದಿ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಗೆ ಸೇರುತ್ತದೆ. ಸೇರುತ್ತದೆ ಅನ್ನುವುದು ಮಳೆ ಚೆನ್ನಾಗಿ ಆದ ವರ್ಷದ ಮಾತು, ಉಳಿದ ವರ್ಷಗಳಲ್ಲಿ ಮರಳು ಮಾತ್ರ. ಮೀಸಲಿನ ಸುತ್ತ ಕಡಲೆಕಾಯಿ, ರಾಗಿ, ಮುಸುಕಿನ ಜೋಳದ ಹೊಲಗಳು, ಅಲ್ಲಲ್ಲಿ ನೀಲಗಿರಿ ತೋಪು. ರಾಣೆಬೆನ್ನೂರಿನಂತೆ ಕರ್ನಾಟಕದಲ್ಲಿ ಕೃಷ್ಣಮೃಗಗಳು ಗುಂಪುಗುಂಪಾಗಿ ಉಳಿದಿರುವ ಕೆಲವೇ ಜಾಗಗಳಲ್ಲಿ ಇದೂ ಒಂದು. ನಮ್ಮ ಕಡೆ ಇದನ್ನು ಯಾರೂ ಕೃಷ್ಣಮೃಗ ಅನ್ನುವುದಿಲ್ಲ, ಜಿಂಕೆ ಅಷ್ಟೇ. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಜಿಂಕೆಯ ಕೋಡು ಪ್ರತಿವರ್ಷ ಉದುರಬೇಕು, ಇದರ ತಿರುಚಿದ ಕೊಂಬು ಜೀವಮಾನವಿಡೀ ತಲೆ ಮೇಲೇ ಇರುತ್ತದೆ. ಆದರೂ ಊರಿನ ಮಾತಿನಲ್ಲಿ ಜಿಂಕೆ, ಹಾಗಾಗಿ ನಾನೂ ಹಾಗೇ ಬರೆಯುತ್ತೇನೆ.

ಬೇಟೆಯ ಮಾತು ಎತ್ತಿದ್ದರಿಂದ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಕೃಷ್ಣಮೃಗ ಇದೆ. ಕೊಂದವರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದಂತೆ 7 ವರ್ಷದವರೆಗೆ ಜೈಲು. ಹಾಗೆ ಆಗಬೇಕಾದ್ದೇ. ನನ್ನ ದೊಡ್ಡಪ್ಪ ಕಾಯ್ದೆ ಬರುವುದಕ್ಕೆ ಮುಂಚಿನ ಕಾಲದವರು. ನಾಡಬಂದೂಕು ಹೆಗಲಿಗೆ ಹಾಕಿಕೊಂಡು ಅಲೆದವರು, ಆಮೇಲೆ ಬಿಟ್ಟವರು. ಬಂದೂಕು ಹೋದರೂ ಮಾತು ಹೋಗಲಿಲ್ಲ. ಕ್ಯಾಮೆರಾ ಕೊಂಡ ಹೊಸದರಲ್ಲಿ ಅವರಿಗೆ ಲೆನ್ಸ್ ತೋರಿಸಿದರೆ ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು.

"ಇದ್ರಾಗೆ ಗಾಳಿ ಕಾಣುಸ್ತೈತಾ?"

"ಇಲ್ಲ ದೊಡ್ಡಪ್ಪ."

"ಮತ್ತೆ ಏನ್ ಉಪಯೋಗ್ವಪ್ಪ? ಬಂದೂಕ ಯಾವನ್ ಬೇಕಾದ್ರೂ ಹಿಡೀತಾನೆ. ಎಲ್ಲಿ ಕುಂತ್ಕಬೇಕು ಅಂತ ತಿಳಿಯಾದೇ ಕಷ್ಟ. ಜಿಂಕೆ ಎಲ್ಲೈತೆ ಅಂತ ಆಮೇಲ್ ನೋಡು, ಗಾಳಿ ಎತ್ಲಾಗಿಂದ ಬತ್ತೈತೆ ಅಂತ ಮೊದ್ಲು ನೋಡು."

ಅವರ ನಿಯಮ ಸರಳ. ಪ್ರಾಣಿಯ ಕಡೆಯಿಂದ ನಿಮ್ಮ ಕಡೆಗೆ ಗಾಳಿ ಬೀಸಬೇಕು. ಅದಕ್ಕೋಸ್ಕರ ಒಂದು ಮೈಲಿ ಸುತ್ತು ಹಾಕಬೇಕಾದರೆ ಹಾಕಬೇಕು. ಹತ್ತಿರದ ದಾರಿ ಅಂತ ಗಾಳಿ ಬೆನ್ನಿಗೆ ಬಿಟ್ಟುಕೊಂಡು ನಡೆದರೆ ನಿಮಗಿಂತ ಮುಂಚೆ ನಿಮ್ಮ ವಾಸನೆ ಹೋಗಿ ಸುದ್ದಿ ಮುಟ್ಟಿಸಿರುತ್ತದೆ. ಇಷ್ಟು ಪ್ರಪಂಚದ ಎಲ್ಲ ಬೇಟೆಗಾರರಿಗೂ ಗೊತ್ತಿರುವುದೇ. ದೊಡ್ಡಪ್ಪನ ಹೆಚ್ಚುಗಾರಿಕೆ ಇದ್ದದ್ದು ಯಾವ ತಿಂಗಳು ಯಾವ ಹೊತ್ತಿಗೆ ಗಾಳಿ ಎತ್ತ ಇರುತ್ತದೆ ಅನ್ನುವುದನ್ನು ಮನೆಯಿಂದ ಹೊರಡುವ ಮುಂಚೆಯೇ ಹೇಳುವುದರಲ್ಲಿ. ಅದು ಅವರಿಗೆ ಬೇಟೆಯಿಂದ ಬಂದದ್ದಲ್ಲ, ಕಣದಿಂದ ಬಂದದ್ದು. ರಾಗಿ ತೂರುವವನಿಗೆ ಗಾಳಿಯ ದಿಕ್ಕು ಗೊತ್ತಿಲ್ಲದಿದ್ದರೆ ಹೊಟ್ಟೆಲ್ಲ ರಾಶಿಯ ಮೇಲೆ, ಇಲ್ಲವೇ ಅವನ ಕಣ್ಣಿಗೆ. ಸಂಕ್ರಾಂತಿ ಆಸುಪಾಸಿನ ಕಣದಲ್ಲಿ ಮೊರ ಎತ್ತಿ ಸುರಿದರೆ ಹೊಟ್ಟು ಪಡುವಲಿಗೆ ಬೀಳುತ್ತದೆ, ಅಂದರೆ ಗಾಳಿ ಮೂಡಲಿಂದ. ಆಷಾಢದಲ್ಲಿ ಹೊಲಕ್ಕೆ ಹೋದವರ ತಲೆ ಮೇಲಿನ ಟವೆಲ್ ಹಾರಿಸುವ ಗಾಳಿ ಪಡುವಲಿಂದ, ಸ್ವಲ್ಪ ತೆಂಕಲಿಗೆ ಓರೆಯಾಗಿ. ಮಾನ್ಸೂನಿನ ಪಾಠದಲ್ಲಿ ನಮಗೆ ನೈಋತ್ಯ, ಈಶಾನ್ಯ ಅಂತ ಬಾಯಿಪಾಠ ಮಾಡಿಸಿದ್ದೂ ಇದನ್ನೇ. ಆದರೆ ಪಾಠದಲ್ಲಿ ಆ ಮಾರುತಗಳು ಮಳೆ ತರುವ ಕೆಲಸ ಮಾತ್ರ ಮಾಡುತ್ತಿದ್ದವು, ಜಿಂಕೆಗೆ ಚಾಡಿ ಹೇಳುತ್ತವೆ ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಈಗ ಬೆಳಕು, ಗಾಳಿ ಎರಡನ್ನೂ ಜೊತೆಗಿಟ್ಟು ನೋಡಿ. ಡಿಸೆಂಬರ್ ಬೆಳಗ್ಗೆ ಸೂರ್ಯ ಮೂಡಲಲ್ಲಿ, ಗಾಳಿಯೂ ಮೂಡಲಿಂದ. ಸೂರ್ಯನಿಗೆ ಬೆನ್ನು ಹಾಕಿ ಕೂತರೆ ಗಾಳಿಗೂ ಬೆನ್ನು ಹಾಕಿದಂತೆ. ಮುಂದಿರುವ ಹಿಂಡಿಗೆ ಬೆಳಕಿನ ಜೊತೆ ನಿಮ್ಮ ಸೋಪಿನ ವಾಸನೆಯೂ ತಲುಪುತ್ತದೆ. ಅದೇ ದಿನ ಸಂಜೆ ಸೂರ್ಯ ಪಡುವಲಿಗೆ ಹೋಗಿರುತ್ತಾನೆ, ಗಾಳಿ ಬಹುಮಟ್ಟಿಗೆ ಮೂಡಲಿಂದಲೇ ಬೀಸುತ್ತಿರುತ್ತದೆ. ಆಗ ಪಡುವಲ ಅಂಚಿನಲ್ಲಿ ಮೂಡಲಿಗೆ ಮುಖಮಾಡಿ ಕೂತರೆ ಬೆಳಕು ಬೆನ್ನಿಗೆ, ಗಾಳಿ ಮುಖಕ್ಕೆ. ಜುಲೈನಲ್ಲಿ ಇದೆಲ್ಲ ತಿರುವುಮುರುವು: ಬೆಳಗಿನ ಹೊತ್ತು ಎರಡೂ ಕೂಡಿಬರುತ್ತವೆ, ಸಂಜೆ ಜಗಳವಾಡುತ್ತವೆ. ಆದ್ದರಿಂದ ನನ್ನ ಮಟ್ಟಿಗೆ ಮೈದನಹಳ್ಳಿ ಮಳೆಗಾಲದಲ್ಲಿ ಬೆಳಗಿನ ಜಾಗ, ಚಳಿಗಾಲದಲ್ಲಿ ಸಂಜೆಯ ಜಾಗ. ಚಳಿಗಾಲದ ಬೆಳಗ್ಗೆಯೇ ಹೋಗಬೇಕು ಅನ್ನುವ ಹಟ ಇದ್ದರೆ ಗಾಳಿಯ ಮಾತು ಕೇಳಿ, ಬೆಳಕನ್ನು ಎದುರಿಗೆ ಬಿಟ್ಟುಕೊಳ್ಳಿ. ಎದುರುಬೆಳಕಿನಲ್ಲಿ ಗಂಡಿನ ಕೊಂಬಿನ ಸುರುಳಿ, ಕಿವಿಯ ಅಂಚಿನ ರೋಮ ಹೊಳೆಯುವುದು ಚೆನ್ನಾಗಿಯೇ ಇರುತ್ತದೆ. ನಮ್ಮ ಬೆನ್ನ ಹಿಂದಿನಿಂದ ಬೆಳಕು ಬಿದ್ದ ಚಿತ್ರವೇ ಚಿತ್ರ ಅಂತ ಎಲ್ಲಿ ಬರೆದಿದೆ?

ನಡುವಿನ ತಿಂಗಳುಗಳಲ್ಲಿ, ಅಂದರೆ ಏಪ್ರಿಲ್-ಮೇನಲ್ಲಿ, ಅಕ್ಟೋಬರ್‌ನಲ್ಲಿ, ಗಾಳಿ ಯಾರ ಮಾತೂ ಕೇಳುವುದಿಲ್ಲ. ಮಧ್ಯಾಹ್ನ ಮೋಡ ಕಟ್ಟಿ ಗುಡುಗು ಶುರುವಾದರೆ ಆ ಮೋಡದ ಕೆಳಗಿಂದ ತಣ್ಣನೆ ಗಾಳಿ ಯಾವ ದಿಕ್ಕಿಗೆ ಬೇಕಾದರೂ ಚಿಮ್ಮುತ್ತದೆ. ಆ ಹೊತ್ತಿಗೆ ಜಾಗ ಆಯ್ದುಕೊಳ್ಳುವ ಮಾತಿರಲಿ, ಬೈಕ್ ಎಲ್ಲಿ ನಿಲ್ಲಿಸಿದ್ದೆವು ಅನ್ನುವುದು ನೆನಪಿದ್ದರೆ ಸಾಕು.

ವಾಸನೆ ಹೇಗೆ ಹೋಗುತ್ತದೆ ಅನ್ನುವುದು ಇನ್ನೂ ಸ್ವಾರಸ್ಯದ ಸಂಗತಿ. ನಮ್ಮ ಮೈಯಿಂದ ಚರ್ಮದ ಸೂಕ್ಷ್ಮ ಚೂರುಗಳು ಸದಾ ಉದುರುತ್ತಲೇ ಇರುತ್ತವೆ, ನಿಮಿಷಕ್ಕೆ ಸಾವಿರಗಳ ಲೆಕ್ಕದಲ್ಲಿ. ಅವುಗಳ ಮೇಲೆ ಬ್ಯಾಕ್ಟೀರಿಯಾ, ಬೆವರಿನ ಅಂಶ. ಇದರ ಮೇಲೆ ನಾವು ಹಚ್ಚಿಕೊಂಡ ಕೊಬ್ಬರಿ ಎಣ್ಣೆ, ಸೊಳ್ಳೆ ಮುಲಾಮು, ಬಟ್ಟೆಯ ಸೋಪಿನ ಪುಡಿ. ಇದೆಲ್ಲ ಗಾಳಿಯಲ್ಲಿ ಒಂದು ಎಳೆಯಾಗಿ ಹೊರಡುತ್ತದೆ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿ ನೋಡಿದರೆ ಗೊತ್ತಾಗುತ್ತದೆ: ಗಾಳಿ ಅಲ್ಲಾಡದಿದ್ದರೆ ಹೊಗೆ ಒಂದು ದಾರದಂತೆ ಬಹಳ ದೂರ ಕೆಡದೆ ಸಾಗುತ್ತದೆ, ಫ್ಯಾನ್ ಹಾಕಿದರೆ ಎರಡು ಮೊಳ ಹೋಗುವಷ್ಟರಲ್ಲಿ ಚೂರುಚೂರು. ಬಯಲಿನಲ್ಲಿ ಫ್ಯಾನಿನ ಕೆಲಸ ಮಾಡುವುದು ಬಿಸಿಲು. ಮಧ್ಯಾಹ್ನ ನೆಲ ಕಾದು ಗಾಳಿ ಮೇಲೇಳುವಾಗ ವಾಸನೆಯನ್ನೂ ಎತ್ತಿಕೊಂಡು ಹೋಗಿ ಚದುರಿಸುತ್ತದೆ. ರಾತ್ರಿ, ನಸುಕಿನಲ್ಲಿ ನೆಲ ತಣ್ಣಗಿರುವಾಗ ತಣ್ಣನೆ ಗಾಳಿಯ ಪದರ ನೆಲಕ್ಕೇ ಅಂಟಿಕೊಂಡಿರುತ್ತದೆ, ಅದರೊಳಗಿನ ವಾಸನೆಯ ಎಳೆ ಮೂಗಿನ ಎತ್ತರದಲ್ಲೇ ದೂರದವರೆಗೆ ತೇಲುತ್ತದೆ. ಗಾಳಿಯೇ ಇಲ್ಲ, ಇವತ್ತು ಎಲ್ಲಿ ಬೇಕಾದರೂ ಕೂರಬಹುದು ಅಂತ ಅನ್ನಿಸುವ ನಸುಕೇ ಎಲ್ಲಕ್ಕಿಂತ ಮೋಸದ್ದು. ಒಂದೇ ದಿಕ್ಕಿನಿಂದ ಹದವಾಗಿ ಬೀಸುವ ಗಾಳಿಯನ್ನು ನಂಬಬಹುದು, ಸತ್ತ ಗಾಳಿಯನ್ನು ನಂಬಲಾಗದು.

ಆ ಸತ್ತ ಗಾಳಿಯೂ ನಿಜಕ್ಕೆ ಸತ್ತಿರುವುದಿಲ್ಲ. ತಣ್ಣಗಾದ ಗಾಳಿ ಭಾರ, ಅದು ನೀರಿನ ಹಾಗೆ ಇಳಿಜಾರು ಹುಡುಕುತ್ತದೆ. ಮೈದನಹಳ್ಳಿಯ ಬಯಲು ಕಣ್ಣಿಗೆ ಚಪ್ಪಟೆಯಾಗಿ ಕಂಡರೂ ಮಳೆನೀರು ಹರಿಯುವ ಹಳ್ಳಗಳಿವೆಯಲ್ಲ, ಅವೇ ನಸುಕಿನ ಗಾಳಿಯ ದಾರಿ. ನಮ್ಮ ಸೀಮೆಯ ಯಾವ ಊರಲ್ಲಾದರೂ ಇದನ್ನು ನೋಡಬಹುದು. ಕೆರೆ ಇರುವುದು ತಗ್ಗಿನಲ್ಲಿ. ಚಳಿಗಾಲದ ಬೆಳಗ್ಗೆ ಊರಿನ ಒಲೆಗಳ ಹೊಗೆ ಮೇಲೇಳದೆ, ಮಾಳಿಗೆಗಳ ಮಟ್ಟದಲ್ಲೇ ಹರಡಿಕೊಂಡು, ನಿಧಾನವಾಗಿ ಕೆರೆ ಕಡೆಗೆ ಜಾರುತ್ತಿರುತ್ತದೆ. ಮೇಲೆ ಮೂಡಲ ಗಾಳಿ ಬೀಸುತ್ತಿದ್ದರೂ ಕೆಳಗಿನ ಈ ತೆಳು ಪದರಕ್ಕೆ ಅದರ ಸುದ್ದಿಯೇ ಇರುವುದಿಲ್ಲ. ಬಿಸಿಲೇರಿ ನೆಲ ಕಾದು ಎರಡೂ ಪದರ ಬೆರೆತಾಗ, ಸಾಮಾನ್ಯವಾಗಿ ಎಂಟೂವರೆ ಒಂಬತ್ತರ ಹೊತ್ತಿಗೆ, ಮೇಲಿನ ಗಾಳಿ ದಢಕ್ಕನೆ ಕೆಳಗಿಳಿಯುತ್ತದೆ. ಆರು ಗಂಟೆಗೆ ಸರಿಯಾಗಿದ್ದ ಜಾಗ ಒಂಬತ್ತಕ್ಕೆ ತಪ್ಪು ಜಾಗವಾಗುವುದು ಹೀಗೆ. ದೊಡ್ಡಪ್ಪ ಇದಕ್ಕೆ ಪದರ ಗಿದರ ಅನ್ನಲಿಲ್ಲ. "ಹೊತ್ತು ಮೊಳ ಮ್ಯಾಲೆ ಬಂದ್ಮೇಲೆ ಎದ್ದು ಬೇರೆ ಕಡಿಕ್ ಹೋಗ್ಬೇಕು" ಅನ್ನುತ್ತಿದ್ದರು.

ಮಧುಗಿರಿ ಬೆಟ್ಟದಂಥ ಬಂಡೆಯ ಬುಡದಲ್ಲಾದರೆ ಇನ್ನೂ ರಗಳೆ. ಇಡೀ ಬೆಟ್ಟ ಒಂದೇ ಕಲ್ಲು, ಬಿಸಿಲಿಗೆ ಕಾದರೆ ಗಾಳಿ ಅದರ ಮೈ ಹಿಡಿದು ಮೇಲೇರುತ್ತದೆ, ಹೊತ್ತು ಮುಳುಗಿದ ಮೇಲೆ ತಣ್ಣಗಾದ ಗಾಳಿ ಕೆಳಗಿಳಿಯುತ್ತದೆ. ಗುಡ್ಡಗಾಡಿನ ಬೇಟೆಗಾರರು ಬೆಳಗ್ಗೆ ಬಿಸಿಲೇರುವ ಮುಂಚೆ ಕೆಳಗಿನಿಂದಲೂ, ಆಮೇಲೆ ಮೇಲಿನಿಂದಲೂ ನೋಡುತ್ತಿದ್ದದ್ದು ಇದೇ ಕಾರಣಕ್ಕೆ. ಬಯಲಲ್ಲಿ ಇಂಥದ್ದೇ ತಂಟೆ ಮಾಡುವುದು ನೀಲಗಿರಿ ತೋಪು. ತೋಪಿನ ಮರೆ ಒಳ್ಳೆಯದು ಅಂತ ಅದರ ಅಂಚಿಗೆ ಒರಗಿ ಕೂರುತ್ತಾರೆ. ಮರಗಳ ಸಾಲು ಗಾಳಿಯನ್ನು ತಡೆದಾಗ ಅದರ ಹಿಂದೆ ಗಾಳಿ ಸುಳಿ ಸುತ್ತುತ್ತದೆ, ಕೆಲವು ಸಲ ಉಲ್ಟಾ ಕೂಡ ಹರಿಯುತ್ತದೆ. ಮೇಲೆ ಎಲೆಗಳು ಒಂದು ದಿಕ್ಕಿಗೆ ಬಾಗಿರುತ್ತವೆ, ನೀವು ಕೂತ ಜಾಗದಲ್ಲಿ ಹುಲ್ಲು ಇನ್ನೊಂದು ದಿಕ್ಕಿಗೆ. ಎತ್ತರದ ಬದುವಿನ ಹಿಂದೆಯೂ ಸಣ್ಣ ಪ್ರಮಾಣದಲ್ಲಿ ಇದೇ ಕಥೆ. ನನಗೆ ಹಿಡಿಸಿರುವುದು ಗಾಳಿ ಸೋಸಿಕೊಂಡು ಹೋಗುವಂಥ ಮರೆ, ಬಂದರಿ ಪೊದೆಯಂಥದ್ದು, ಮಧ್ಯೆ ಸಂದು ಇರುವಂಥದ್ದು. ಮೀಸಲಿನ ಒಳಗೆ ಕೂರಲು ಇಲಾಖೆಯ ಅನುಮತಿ ಬೇಕು. ನಾನು ಹೆಚ್ಚಾಗಿ ಕೂರುವುದು ಅಂಚಿನ ಹೊಲಗಳಲ್ಲಿ, ಹೊಲದವರನ್ನು ಕೇಳಿಕೊಂಡು.

ಇಷ್ಟೆಲ್ಲ ಹೇಳಿದರೆ ಗೆಳೆಯರೊಬ್ಬರು ಯಾವಾಗಲೂ ಒಂದು ತಕರಾರು ತೆಗೆಯುತ್ತಾರೆ. ಕೃಷ್ಣಮೃಗ ಕಣ್ಣಿನ ಪ್ರಾಣಿ ಕಣ್ರೀ, ಮೂಗಿನದ್ದಲ್ಲ, ಗಾಳಿ ನೋಡಿ ಏನು ಮಾಡ್ತೀರಿ ಅಂತ. ಅವರ ಮಾತಿನಲ್ಲಿ ಹುರುಳಿದೆ. ಬಯಲಿನ ಪ್ರಾಣಿ, ಅಪಾಯವನ್ನು ದೂರದಿಂದಲೇ ಕಣ್ಣಲ್ಲಿ ಹಿಡಿದು, ಗಂಟೆಗೆ 80 ಕಿಲೋಮೀಟರ್‌ವರೆಗಿನ ಓಟದಿಂದ ಪಾರಾಗುವುದೇ ಅದರ ಬದುಕಿನ ದಾರಿ. ರಾಜಮಹಾರಾಜರು ಸಾಕಿದ ಚೀತಾಗಳಿಂದ ಇವುಗಳ ಬೇಟೆಯಾಡಿಸುತ್ತಿದ್ದಾಗ ಚೀತಾದ ಕಣ್ಣಿಗೆ ಪಟ್ಟಿ ಕಟ್ಟಿ ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಹಿಂಡಿನ ಹತ್ತಿರಕ್ಕೆ ಹೋಗುತ್ತಿದ್ದರು. ದಿನಾ ನೋಡಿದ ಗಾಡಿಗೆ ಜಿಂಕೆ ಹೆದರುತ್ತಿರಲಿಲ್ಲ. ಚುಕ್ಕಿಜಿಂಕೆ, ಕಡವೆಗಳ ಮಾತು ಬೇರೆ, ಅವು ಕಾಡಿನ ಮರೆಯಲ್ಲಿ ಬದುಕುವಂಥವು, ಕಣ್ಣಿಗೆ ಸಿಗದ ಹುಲಿಯನ್ನು ಮೂಗಿನಿಂದಲೂ ಕಂಡುಕೊಳ್ಳಬೇಕು.

ಆದರೆ ನಾನು ಪೊದೆಯ ಹಿಂದೆ ಅಲ್ಲಾಡದೆ ಕೂತಿದ್ದೇನೆ ಅಂದರೆ ಕಣ್ಣಿನ ಆಟ ಅಲ್ಲಿಗೆ ಮುಗಿಯಿತಲ್ಲ. ಆಮೇಲೆ ಉಳಿಯುವುದು ಮೂಗು, ಕಿವಿ. ಮೂಗೇ ಮುಖ್ಯವಲ್ಲದ ಪ್ರಾಣಿ ಇಷ್ಟೊಂದು ವಾಸನೆಯ ವ್ಯವಹಾರ ಇಟ್ಟುಕೊಂಡಿರುತ್ತಿರಲಿಲ್ಲ. ಗಂಡಿನ ಕಣ್ಣಿನ ಕೆಳಗೆ ಕಪ್ಪು ಸೀಳಿನಂತೆ ಕಾಣುವುದು ಒಂದು ಗ್ರಂಥಿ. ಅದನ್ನು ಹುಲ್ಲಿನ ಕಡ್ಡಿಗೆ, ಗಿಡದ ತುದಿಗೆ ಒತ್ತಿ ಒತ್ತಿ ತನ್ನ ಗಡಿಯನ್ನು ಬರೆಯುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ, ಪಕ್ಕದ ಗಂಡು ಬಂದು ಮೂಸಿ ನೋಡಿ ಮರ್ಯಾದೆಯಿಂದ ಹಿಂದೆ ಸರಿಯುತ್ತದೆ, ಅಥವಾ ಸರಿಯದೆ ಕೊಂಬಿಗೆ ಕೊಂಬು ಕೊಡುತ್ತದೆ. ಇಷ್ಟು ಓದು ಬರಹ ಬಲ್ಲ ಮೂಗಿಗೆ ಐವತ್ತು ಗಜ ದೂರದ ಮನುಷ್ಯ ಗೊತ್ತಾಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಗೊತ್ತಾದರೆ ಓಡಲೇಬೇಕು ಅಂತಿಲ್ಲ, ಅದೂ ನಿಜ. ಕುರಿ ಕಾಯುವವರು ಕಂಬಳಿ ಹೊದ್ದು, ಬೀಡಿ ಸೇದುತ್ತಾ, ಕುರಿಗಳಿಗೆ ಕೂಗು ಹಾಕುತ್ತಾ ಹೋಗುತ್ತಿದ್ದರೆ ಜಿಂಕೆಗಳು ತಲೆ ಎತ್ತಿ ನೋಡಿ ಮತ್ತೆ ಮೇಯುವುದನ್ನು ಈ ಸೀಮೆಯಲ್ಲಿ ಯಾರು ಬೇಕಾದರೂ ನೋಡಬಹುದು. ಕಂಬಳಿಯ ವಾಸನೆ ಆ ಬಯಲಿನದ್ದೇ, ಮೇಲಾಗಿ ಮನುಷ್ಯ ಕಣ್ಣೆದುರಿಗೇ ಇದ್ದಾನೆ, ಅಡಗಿಲ್ಲ. ವಾಸನೆ ಇದೆ, ಆದರೆ ಮನುಷ್ಯ ಕಾಣುತ್ತಿಲ್ಲ ಅನ್ನುವಾಗಲೇ ಹಿಂಡು ಗಡಿಬಿಡಿಯಾಗುವುದು ಅನ್ನುವುದು ನನ್ನ ಅನಿಸಿಕೆ. ಕಾಣದವನು ಹೊಂಚು ಹಾಕಿರುವವನು. ಒಂದು ಹೆಣ್ಣು ಕಾಲು ಕುಟ್ಟುತ್ತದೆ, ಇನ್ನೊಂದು ನೇರ ಮೇಲಕ್ಕೆ ಚಿಮ್ಮುತ್ತದೆ, ಆಮೇಲೆ ಇಡೀ ಹಿಂಡು ಚಿಮ್ಮುತ್ತಾ ಹೋಗುತ್ತದೆ. ಹಾಗಾದರೆ ಕಾರಿನಲ್ಲೇ ಕೂತು ತೆಗೆದರಾಯಿತಲ್ಲ, ಅದೂ ಕಣ್ಣೆದುರಿನ ವಸ್ತುವೇ ಅಂತ ಅದೇ ಗೆಳೆಯರ ಮುಂದಿನ ಪ್ರಶ್ನೆ. ತೆಗೆಯಬಹುದು, ರಸ್ತೆಯ ಮೇಲಿದ್ದರೆ. ಹುಲ್ಲಿನೊಳಗೆ ಕಾರು ಇಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹುಟ್ಟಿದ ಮರಿಯನ್ನು ತಾಯಿ ಮೊದಲ ಕೆಲವು ದಿನ ಹುಲ್ಲಿನಲ್ಲಿ ಅಡಗಿಸಿಟ್ಟು ತಾನು ದೂರ ಮೇಯುತ್ತಿರುತ್ತದೆ. ತೋಳದ ಮೂಗಿಗೆ ಮರಿಯ ಜಾಡು ಸಿಗದಿರಲಿ ಅಂತ ಮಾಡಿದ ಏರ್ಪಾಡು ಅದು, ಟೈರಿಗೆ ಮೂಗಿಲ್ಲ.

ಶಬ್ದದ ವಿಷಯ ಬೇಗ ಮುಗಿಸುತ್ತೇನೆ. ಗಾಳಿ ಮುಖಕ್ಕೆ ಇದ್ದರೆ ನಿಮ್ಮ ಸದ್ದೂ ಮುಂದಕ್ಕೆ ಅಷ್ಟಾಗಿ ಹೋಗುವುದಿಲ್ಲ, ಗಾಳಿಯ ವಿರುದ್ಧ ಹೊರಟ ಶಬ್ದ ಮೇಲಕ್ಕೆ ಬಾಗಿ ತಲೆಯ ಮೇಲಿಂದ ಹೋಗಿಬಿಡುತ್ತದೆ. ಶಟರಿನ ಸದ್ದಿಗೂ ಇದು ಅನ್ವಯ. ಆಷಾಢದ ಜೋರುಗಾಳಿಯಲ್ಲಿ ಮಾತ್ರ ಯಾವ ಲೆಕ್ಕವೂ ಕೆಲಸಕ್ಕೆ ಬಾರದು, ಎಲ್ಲೆಲ್ಲೂ ಹುಲ್ಲು ಸರಸರ ಅನ್ನುತ್ತಿದ್ದರೆ ಜಿಂಕೆಗಳಿಗೆ ಎಲ್ಲವೂ ಅನುಮಾನ.

ಗಾಳಿ ಮುಖಕ್ಕೆ ಇರಲಿ ಅಂತ ಇಷ್ಟೊತ್ತು ಹೇಳಿದೆನಲ್ಲ, ಈಗ ಅದಕ್ಕೊಂದು ತಿದ್ದುಪಡಿ. ನಡೆದುಕೊಂಡು ಪ್ರಾಣಿಯ ಹತ್ತಿರ ಹೋಗುವವನಿಗೆ ಅದು ಸರಿ. ಕೂತು ಕಾಯುವವನ ಕಷ್ಟ ಬೇರೆ. ಜಿಂಕೆ ಜಾತಿಯ ಪ್ರಾಣಿಗಳು ಅನುಮಾನವಿರುವ ಜಾಗಕ್ಕೆ ಹೋಗುವಾಗ ತಾವೂ ಗಾಳಿಯನ್ನು ಮುಖಕ್ಕೆ ಇಟ್ಟುಕೊಳ್ಳಲು ನೋಡುತ್ತವೆ, ಮುಂದೇನಿದೆ ಅಂತ ಮೂಗು ಮೊದಲೇ ಹೇಳಲಿ ಅಂತ. ನೀವೂ ಗಾಳಿಗೆ ಮುಖಮಾಡಿ, ಅದೂ ಗಾಳಿಗೆ ಮುಖಮಾಡಿದರೆ ಅದು ನಿಮ್ಮ ಬೆನ್ನ ಹಿಂದಿನಿಂದ ಬರಬೇಕಾಗುತ್ತದೆ, ನೇರ ನಿಮ್ಮ ವಾಸನೆಯೊಳಗೆ. ಅದಕ್ಕೇ ಅನುಭವಸ್ಥರು ಪ್ರಾಣಿ ಬರುವ ಜಾಡಿನ ಪಕ್ಕಕ್ಕೆ, ಗಾಳಿ ಅಡ್ಡಲಾಗಿ ಬೀಸುವಂತೆ ಕೂರುತ್ತಾರೆ. ಪ್ರಾಣಿಗೆ ತನ್ನ ಮುಂದಿನ ಗಾಳಿ ಸಿಗುತ್ತಿರುತ್ತದೆ, ಧೈರ್ಯವಾಗಿ ಬರುತ್ತದೆ. ನಿಮ್ಮ ವಾಸನೆ ಅದು ಹಾಯದ ಕಡೆಗೆ ಹೋಗುತ್ತಿರುತ್ತದೆ. ಜಿಂಕೆ ಬೇಟೆಗೆ ಕಾನೂನಿನ ಲೈಸೆನ್ಸ್ ಇರುವ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಗೆ ಮರದ ಮೇಲೆ ಅಟ್ಟಣೆ ಕಟ್ಟಿ ಕೂರುವವರು ಒಂದೇ ಕಾಡಿಗೆ ಎರಡು ಮೂರು ಅಟ್ಟಣೆ ಇಟ್ಟುಕೊಂಡು, ಇವತ್ತಿನ ಗಾಳಿಗೆ ಯಾವುದು ಅಂತ ಆರಿಸುತ್ತಾರೆ. ಗಾಳಿ ಸರಿಯಿಲ್ಲದ ದಿನ ಒಳ್ಳೆಯ ಅಟ್ಟಣೆಯನ್ನು ಹತ್ತದೇ ಬಿಡುವುದು ಅವರಲ್ಲಿ ದೊಡ್ಡ ಶಿಸ್ತು. ಒಂದು ಸಲ ಜಿಂಕೆಗೆ ಆ ಜಾಗ ಮನುಷ್ಯನದು ಅಂತ ಗೊತ್ತಾದರೆ ಆಮೇಲೆ ಅದು ಹಗಲು ಹೊತ್ತು ಅತ್ತ ಸುಳಿಯುವುದಿಲ್ಲ.

ಗಾಳಿ ನೋಡಲು ಅವರ ಹತ್ತಿರ ಪುಡಿ ತುಂಬಿದ ಸಣ್ಣ ಪ್ಲಾಸ್ಟಿಕ್ ಬಾಟಲಿ ಇರುತ್ತದೆ, ಒತ್ತಿದರೆ ಪುಸ್ ಅಂತ ಪುಡಿ ಹಾರುತ್ತದೆ. ಹಳಬರು ಒಂದು ಹಾಲುಗಿಡದ ಬೀಜದ ಹತ್ತಿ ಬಳಸುತ್ತಾರೆ. ಆ ಗಿಡ ನಮ್ಮ ಎಕ್ಕದ ನೆಂಟ. ಪುಡಿ ಒಂದೆರಡು ಮಾರು ಹೋಗಿ ಮಾಯವಾಗುತ್ತದೆ, ಎಕ್ಕದ ಹತ್ತಿ ಹಾಗಲ್ಲ. ಬೇಸಿಗೆಯಲ್ಲಿ ಎಕ್ಕದ ಕಾಯಿ ಒಡೆಯುವಾಗ ಒಂದಷ್ಟು ಹತ್ತಿಯನ್ನು ಹಳೇ ಫಿಲ್ಮ್ ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದೇನೆ. ಒಂದು ಎಳೆ ಬಿಟ್ಟರೆ ನಿಮ್ಮ ಎದುರಿಗೆ ನೆಟ್ಟಗೆ ಹೋಗಿ, ಬದು ದಾಟುವಾಗ ಮೇಲೆದ್ದು, ತೋಪಿನ ಅಂಚಿಗೆ ಬಂದಾಗ ಗಿರಕಿ ಹೊಡೆದು ವಾಪಸ್ ಬರುವುದನ್ನೂ ಕಣ್ಣಾರೆ ನೋಡಬಹುದು. ನಿಮ್ಮ ವಾಸನೆ ಹೋಗುವ ದಾರಿಯೂ ಅದೇ. ಬೆರಳು ಒದ್ದೆ ಮಾಡಿ ಎತ್ತಿ ಹಿಡಿಯುವುದು, ಮಣ್ಣು ಚಿಟಿಕೆ ಹಿಡಿದು ಬಿಡುವುದು ಇವೆಲ್ಲ ನೀವು ನಿಂತ ಜಾಗದ ಗಾಳಿಯನ್ನು ಮಾತ್ರ ಹೇಳುತ್ತವೆ. ದೊಡ್ಡಪ್ಪ ಬೀಡಿ ಹಚ್ಚಿ ಹೊಗೆ ನೋಡುತ್ತಿದ್ದರಂತೆ. ವಾಸನೆ ಎತ್ತ ಹೋಗುತ್ತದೆ ಅಂತ ನೋಡಲು ಇನ್ನಷ್ಟು ವಾಸನೆ ಮಾಡುವ ಈ ಉಪಾಯ ನನಗೆ ಎಂದೂ ಅರ್ಥವಾಗಲಿಲ್ಲ, ಬೀಡಿಗೊಂದು ನೆಪ ಬೇಕಿತ್ತೇನೋ. ಮೊಬೈಲ್ ಆ್ಯಪ್‌ಗಳ ಬಾಣದ ಗುರುತು ಹೊರಡುವ ಮುಂಚೆ ಯೋಚಿಸಲು ಸಾಕು. ಅದು ಹೇಳುವುದು ನೆಲದಿಂದ 10 ಮೀಟರ್ ಎತ್ತರದ ಗಾಳಿ, ಹಲವಾರು ಕಿಲೋಮೀಟರ್ ಅಗಲದ ಚೌಕಕ್ಕೆ ಒಂದೇ ಉತ್ತರ. ಮೇಯುವ ಜಿಂಕೆಯ ಮೂಗು ಒಂದು ಮೀಟರ್ ಎತ್ತರದಲ್ಲೂ ಇರುವುದಿಲ್ಲ.

ಇದೇ ವಿದ್ಯೆಯನ್ನು ತಲೆಕೆಳಗು ಮಾಡಬೇಕಾದ ಜಾಗವೂ ನಮ್ಮ ಜಿಲ್ಲೆಯಲ್ಲೇ ಇದೆ. ದೇವರಾಯನದುರ್ಗದ ಸುತ್ತಮುತ್ತ, ಕೊರಟಗೆರೆ ಕಡೆಯ ಗುಡ್ಡಗಳಲ್ಲಿ ಕರಡಿ ಉಂಟು. ಕರಡಿಗೆ ಕಣ್ಣು, ಕಿವಿ ಮಂದ, ಮೂಗು ಚುರುಕು. ನೆಲದೊಳಗಿನ ಗೆದ್ದಲನ್ನು ಮೂಗಿನಿಂದಲೇ ಪತ್ತೆ ಮಾಡುವ ಪ್ರಾಣಿ. ಅದು ಗೆದ್ದಲಹುತ್ತಕ್ಕೆ ಮೂತಿ ಇಟ್ಟು ಹೀರುತ್ತಾ ಮೈಮರೆತಿರುವಾಗ ನೀವು ಗಾಳಿಗೆ ಎದುರಾಗಿ, ಮೆಲ್ಲಗೆ, ಒಳ್ಳೆಯ ಬೇಟೆಗಾರನಂತೆ ನಡೆದುಹೋದರೆ ಹತ್ತು ಅಡಿ ದೂರದಲ್ಲಿ ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತದೆ. ಅಷ್ಟು ಹತ್ತಿರದಲ್ಲಿ ಬೆಚ್ಚಿದ ಕರಡಿ ಓಡುವುದಿಲ್ಲ, ಮೇಲೆ ಬೀಳುತ್ತದೆ. ಸೌದೆಗೆ, ದನ ಹುಡುಕಲು ಹೋಗುವವರು ಜೋರಾಗಿ ಮಾತಾಡುತ್ತಾ, ಕೆಮ್ಮುತ್ತಾ, ಕೋಲು ಕುಟ್ಟುತ್ತಾ ನಡೆಯುವುದು ಸುಮ್ಮನೆ ಅಲ್ಲ. ಗಾಳಿ ಬೆನ್ನಿಗಿದ್ದರೆ ಇನ್ನೂ ಒಳ್ಳೆಯದು, ನಿಮ್ಮ ವಾಸನೆ ಮುಂದೆ ಹೋಗಿ ಜಾಗ ಖಾಲಿ ಮಾಡಿಸಿರುತ್ತದೆ. ಗಾಳಿ ಮುಖಕ್ಕಿದ್ದರೆ ಗಂಟಲು ದೊಡ್ಡದು ಮಾಡಿ.

ಹೊಲದವರಿಗೂ ಬೇಕಾದದ್ದು ಈ ತಲೆಕೆಳಗಾದ ಲೆಕ್ಕವೇ. ನಾನು ಆಗಾಗ ಕೂರುವ ಬದುವಿನ ಯಜಮಾನರು ಕಡಲೆಕಾಯಿ ಹಾಕುತ್ತಾರೆ. ಜಿಂಕೆಗಿಂತ ಅವರಿಗೆ ಕಾಡುಹಂದಿಯ ಕಾಟ ಹೆಚ್ಚು. ಕಟಿಂಗ್ ಶಾಪಿನ ಕೂದಲು ತಂದು ಹೊಲದ ಸುತ್ತ ಉದುರಿಸಿದರೆ ಹಂದಿ ಬರುವುದಿಲ್ಲ ಅನ್ನುವ ಉಪಾಯವನ್ನು ಹಲವು ಕಡೆ ರೈತರು ಮಾಡುತ್ತಾರೆ, ಇವರೂ ಮಾಡಿದ್ದರು. ಒಂದು ಚೀಲ ಕೂದಲು ಸುತ್ತಲೂ ಸಾಲುವುದಿಲ್ಲ ಅಂತ ಒಂದು ಬದಿಗೆ ಮಾತ್ರ ಹಾಕಿದ್ದರು, ಆದರೂ ಹಂದಿ ನುಗ್ಗಿತ್ತು. ಯಾವ ಬದಿಗೆ ಅಂತ ಕೇಳಿದೆ. ಪಡುವಲಿಗೆ, ಜುಲೈನಲ್ಲಿ ಅಂದರು. ಜುಲೈನಲ್ಲಿ ಅದು ಸರಿಯಾದ ಬದಿಯೇ. ಗಾಳಿ ಬರುವ ಅಂಚಿಗೆ ಹಾಕಿದರೆ ವಾಸನೆ ಇಡೀ ಹೊಲದ ಮೇಲೆ ಹಾಯುತ್ತದೆ, ಆಚೆ ಕಡೆಯಿಂದ ಬರುವ ಹಂದಿಗೆ ದೂರದಲ್ಲೇ ಮುಟ್ಟುತ್ತದೆ. ಆದರೆ ಕಾಯಿ ಬಲಿತು ಹಂದಿಗೆ ರುಚಿ ಹತ್ತುವ ಹೊತ್ತಿಗೆ ಅಕ್ಟೋಬರ್ ಬಂದು ಗಾಳಿ ತಿರುಗತೊಡಗಿರುತ್ತದೆ. ಆಗ ಪಡುವಲಲ್ಲಿ ಬಿದ್ದ ಕೂದಲಿನ ವಾಸನೆ ಪಕ್ಕದವರ ಹೊಲ ಕಾಯುತ್ತಿರುತ್ತದೆ, ಮಳೆಗೆ ತೊಳೆದು ಉಳಿದಿದ್ದರೆ.

"ಹಂಗಾರೆ ಆಯುಧಪೂಜೆ ಹೊತ್ಗೆ ಮೂಡ್ಲು ಕಡೆಗೆ ಇನ್ನೊಂದ್ ದಪ ಹಾಕ್ಬೇಕು ಅನ್ನಿ," ಅಂದರು.

"ಹೂಂ, ಹಾಕಿ ನೋಡಿ."

"ಎಲ್ಲಿಂದ ತರಾನ ಸಾರ್? ನಮ್ಮೂರಾಗಿರಾದು ಒಂದೇ ಕಟಿಂಗ್ ಶಾಪು. ಅರ್ಧ ಊರು ಬೆಂಗ್ಳೂರ್ ಸೇರ್ಕಂಡೈತೆ, ಉಳಿದೋರ್ಗೆ ತಲೇಲಿ ಕೂದ್ಲೇ ಇಲ್ಲ."